ಕೋಟೆಬಾಗಿಲಿನ ಮಾತಿನಮಲ್ಲ

ನಮ್ಮೂರಿನ ಗೈಡನ್ನು ಎಲ್ಲರೂ ಮಾತಿನಮಲ್ಲ ಅಂತಲೇ ಕರೆಯುವುದು. ನಮ್ಮ ಹಳೇ ಬೀದಿ ನೋಡಲು ಬಸ್ಸುಗಟ್ಟಲೆ ಬರುವ ಜನರನ್ನು ಮೊದಲು ಕೋಟೆಬಾಗಿಲಲ್ಲಿ ನಿಲ್ಲಿಸಿ, ಒಂದೊಂದು ಕಲ್ಲಿಗೂ ಒಬ್ಬೊಬ್ಬ ರಾಜನನ್ನು ಹುಟ್ಟಿಸುತ್ತಾನೆ. ಬೀದಿಗೆ ಕಾಲಿಟ್ಟ ಮೇಲೆ ಮಾತ್ರ ದನಿ ತಗ್ಗಿಸಿ, "ಇದು ಮ್ಯೂಸಿಯಂ ಅಲ್ಲ ಸ್ವಾಮಿ, ಒಳಗೆ ಜನ ಅಡುಗೆ ಮಾಡ್ತಿದ್ದಾರೆ, ಕಿಟಕೀಲಿ ಇಣುಕಬೇಡಿ" ಅನ್ನುತ್ತಾನೆ. ಯಾರಾದರೂ ನಾವು ಒಣಹಾಕಿದ ಬಟ್ಟೆಯ ಫೋಟೊ ತೆಗೆಯಹೋದರೆ ತಾನೇ ಅಡ್ಡ ನಿಂತು ಹಲ್ಲು ಕಿರಿಯುತ್ತಾನೆ. ಎಷ್ಟು ದೇಶದ ಮನೆಗಳಲ್ಲಿ ಅವನ ಹಲ್ಲಿದೆಯೋ ದೇವರೇ ಬಲ್ಲ. "ಬರೋರನ್ನ ಹೀಗೆ ತಡೆದರೆ ನಿನ್ನ ಅನ್ನಕ್ಕೆ ನೀನೇ ಕಲ್ಲು ಹಾಕ್ಕೊಂಡಂಗಲ್ವೇನೋ?" ಅಂದೆ ಒಮ್ಮೆ. "ಅವರೂ ಬರಬೇಕು ದೊಡ್ಡಮ್ಮ, ನೀವೂ ಇರಬೇಕು. ಬೇಜಾರಾಗಿ ನೀವೆಲ್ಲ ಮನೆ ಮಾರಿ ಹೋದ್ರೆ, ನಾನೇನು ಖಾಲಿ ಗೋಡೆ ತೋರಿಸ್ಲಾ?" ಅಂದ. ನಮ್ಮ ಯಜಮಾನರು ತೀರಿಕೊಂಡ ದಿನ ಮೂರು ಬಸ್ಸು ಬಂದಿದ್ದವಂತೆ. ಯಜಮಾನರನ್ನು ಹೊತ್ತುಕೊಂಡು ಹೋಗುವವರೆಗೂ ಒಂದು ಕ್ಯಾಮೆರಾವೂ ನಮ್ಮ ಬೀದಿಗೆ ಬರಲಿಲ್ಲ. ಅಷ್ಟೂ ಜನರನ್ನು ಇವನು ಬಿಸಿಲಲ್ಲಿ ಮೂರು ಗಂಟೆ ಹೊತ್ತು ಕಥೆ ಹೇಳಿ ಹಿಡಿದಿಟ್ಟಿದ್ದ. ಸಂಜೆ ಮನೆಗೆ ಬಂದು ನನ್ನ ಎದುರು ಕೂತ. ಸಮಾಧಾನ ಹೇಳಲು ಬಾಯಿ ತೆರೆದರೆ, ಅವನಲ್ಲಿ ದನಿಯೇ ಉಳಿದಿರಲಿಲ್ಲ.