ಹಿತ್ತಲಿನ ತಗಡಿನ ಹೆಸರುಗಳು

ಮೊನ್ನೆ ತಿಪಟೂರಿನಲ್ಲಿ ಖಾಲಿ ಸೈಟೊಂದನ್ನು ದಾಟುವಾಗ ಉಮ್ಮತ್ತಿ ಗಿಡ ಕಾಲಿಗೆ ಸಿಕ್ಕಿ ಎಲೆ ಹಿಸುಕಿಹೋಯಿತು. ಆ ಕಮಟು ವಾಸನೆ ಮೂಗಿಗೆ ಬಡಿಯಿತು. ಕೂಡಲೇ ನೆನಪಾದವರು ಹಳ್ಳಿಯ ಪಕ್ಕದ ಮನೆ ಅಕ್ಕ.

ಎಪ್ಪತ್ತರ ದಶಕದ ಕೊನೆಗೆ ನಾನು ತುರುವೇಕೆರೆ ಕಡೆಯ ಹಳ್ಳಿಗೆ ಸೊಸೆಯಾಗಿ ಬಂದಾಗ ಅಕ್ಕನಿಗೆ ಮೂವತ್ತರ ಆಸುಪಾಸು. ಅವರಿಗೂ ಅವರ ಅತ್ತೆಗೂ ಬಾಯಿ ಜೋರು. ಜಗಳಕ್ಕೆ ನಿಂತರೆ ಬೀದಿಗೆಲ್ಲ ಕೇಳಿಸುತ್ತಿತ್ತು. ಒಂದು ಮಳೆಗಾಲ, ಅಕ್ಕ ಹಿತ್ತಲಿಂದ ಕೊಯ್ದು ತಂದ ಬೆರಕೆ ಸೊಪ್ಪಿನಲ್ಲಿ ವಿಷದ ಉಮ್ಮತ್ತಿಯ ಎಳೆ ಎಲೆಗಳು ಸೇರಿಹೋಗಿದ್ದವು. ಆ ಮಸ್ಸೊಪ್ಪಿನಲ್ಲಿ ಮೊದಲು ಮುದ್ದೆ ಉಂಡವರು ಅತ್ತೆ. ಸ್ವಲ್ಪ ಹೊತ್ತಿಗೆ ಅವರ ನಾಲಿಗೆ ಒಣಗಿತು, ಮಾತು ತೊದಲಿತು, ಗೋಡೆಯ ಮೇಲೆ ಇಲ್ಲದ ಇರುವೆಗಳನ್ನು ಹೆಕ್ಕತೊಡಗಿದರು. ಮನೆಯವರು ಗಾಡಿ ಕಟ್ಟಿಕೊಂಡು ಆಸ್ಪತ್ರೆಗೆ ಓಡಿದರು. ಅತ್ತೆ ಹೇಗೋ ಉಳಿದುಕೊಂಡರು...

ಊರು ಸುಮ್ಮನಿರಲಿಲ್ಲ. “ಬೆಳಿಗ್ಗೆ ತಾನೇ ಅತ್ತೆ ಮೇಲೆ ಕೂಗಾಡಿದ್ಲಂತೆ ಕಣೇ” ಎಂದು ನೀರು ಸೇದುವ ಹೆಂಗಸರು ಪಿಸುಗುಟ್ಟಿದರು. ಅದು ಅಕ್ಕನ ಕಿವಿಗೂ ಬಿತ್ತು.

ಆಮೇಲೆ ಅವರು ಕೂತಲ್ಲಿ ಕೂರಲಿಲ್ಲ. ಹಿತ್ತಲನ್ನೆಲ್ಲ ಅಗೆದು ಬೇರೆ ಬೇರೆ ಮಡಿ ಮಾಡಿದರು. ಎಣ್ಣೆ ಡಬ್ಬದ ತಗಡು ಕತ್ತರಿಸಿ, ಮೊಳೆಯಿಂದ ಹೆಸರು ಕೊರೆದು, ಕಡ್ಡಿಗೆ ಕಟ್ಟಿ ಮಡಿಗೊಂದರಂತೆ ನೆಟ್ಟರು. ದಂಟು, ಸಬ್ಬಸಿಗೆ, ಹೊನಗೊನೆ, ಚಕ್ಕೋತ. ಮಜ್ಜಿಗೆ ಕಡೆಯುವಾಗ ಎದ್ದು ಹೋಗಿ ನೋಡಿ ಬರುವರು. ಒಮ್ಮೆ ಕೋಳಿ ಕೆದಕಿ ಒಂದು ತಗಡು ಬಿದ್ದಿದ್ದಕ್ಕೆ ಆ ಮಡಿಯನ್ನೇ ಪೂರ್ತಿ ಕಿತ್ತು ತಿಪ್ಪೆಗೆ ಎಸೆದರು.

“ಅದು ದಂಟೇ ಅಲ್ವೇನಕ್ಕ? ನೋಡಿದ್ರೆ ಗೊತ್ತಾಗಲ್ವಾ?” ಎಂದೆ.

“ಅವತ್ತೂ ಗೊತ್ತು ಅಂದ್ಕೊಂಡೇ ಕೊಯ್ದಿದ್ದು ಕಣೇ.”

ಅಷ್ಟು ಸೊಪ್ಪು ಬೆಳೆದರೂ ಅವರು ಬೇಯಿಸುತ್ತಿರಲಿಲ್ಲ. ಕೊಟ್ಟರೆ ಬೇರೆ ಮನೆಯವರು ಏನೋ ನೆಪ ಹೇಳಿ ಬೇಡವೆನ್ನುತ್ತಿದ್ದರು. ಸೊಪ್ಪು ಬಲಿತು ಹೂ ಬಿಡುತ್ತಿತ್ತು.

ಒಂದು ಬೆಳಿಗ್ಗೆ ಅತ್ತೆಯೇ ಹಿತ್ತಲಿಗಿಳಿದು, ಮಡಿಲು ತುಂಬ ಸೊಪ್ಪು ಕಿತ್ತು ತಂದು ಸೊಸೆಯ ಮುಂದೆ ಸುರಿದರು. “ಮಸ್ಸೊಪ್ಪು ಮಾಡು. ನಾಲಿಗೆ ಕೆಟ್ಟೋಗೈತೆ.”

ಅಕ್ಕ ಒಂದೊಂದೇ ಎಲೆ ತಿರುವಿ ನೋಡಿ ಸೋಸಿದರು. ಮಧ್ಯಾಹ್ನವಾಯಿತು. ಮಾಡಿದ ಮೇಲೆ ತಾವೇ ಮೊದಲು ಉಂಡು, ಅತ್ತೆಗೆ ಬಡಿಸದೆ ಕಾಯುತ್ತಾ ಕೂತರು. ಅತ್ತೆಗೆ ಕೋಪ ಬಂತು. “ನಿನ್ ಮ್ಯಾಲೆ ಅನುಮಾನ ಇದ್ದಿದ್ರೆ ಇಷ್ಟ್ ದಿನ ನಿನ್ ಕೈಯಾಗಿನ ಮುದ್ದೆ ತಿಂತಿದ್ನಾ? ಇಕ್ಕು ಇತ್ಲಾಗೆ!” ತಟ್ಟೆ ಹಿಡಿದು ಬೀದಿ ಜಗಲಿಗೇ ಬಂದು ಕೂತು ಉಂಡರು. ಎದುರು ಮನೆಯವರನ್ನು ಕೂಗಿ, “ನೋಡ್ರವ್ವ, ಇನ್ನೂ ಬದುಕಿವ್ನಿ!” ಎಂದರು. ಅಕ್ಕ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದರು. ನಗಲಿಲ್ಲ. ಅತ್ತೆ ಕೈ ತೊಳೆಯುವ ಮೊದಲೇ ಮತ್ತೆ ಹಿತ್ತಲಿಗೆ ಹೋದರು.

ಊರು ಆ ಮಾತು ಮರೆಯಿತು. ಅಕ್ಕ ಮಾತ್ರ ಮರೆಯಲಿಲ್ಲ... ಅತ್ತೆ ವಯಸ್ಸಾಗಿ ತೀರಿಕೊಂಡ ಮೇಲೂ ತಗಡು ಕೊರೆಯುವುದು ನಿಲ್ಲಲಿಲ್ಲ.

ನಾವು ತಿಪಟೂರಿಗೆ ಬಂದೆವು. ಅವರು ಚಿಕ್ಕನಾಯಕನಹಳ್ಳಿಯ ಮಗಳ ಮನೆ ಸೇರಿದರು. ಹೋದ ವರ್ಷ ಅವರು ತೀರಿಕೊಂಡ ಸುದ್ದಿ ನನಗೆ ತಿಥಿ ಮುಗಿದ ಮೇಲೆ ಗೊತ್ತಾಯಿತು. ಮಗಳನ್ನು ಮಾತಾಡಿಸಲು ಹೋದಾಗ, ಕೊನೆಗಾಲದಲ್ಲಿ ಅಮ್ಮ ನಿದ್ದೆಯಲ್ಲೂ ಬೆರಳಾಡಿಸುತ್ತಿದ್ದರು, ಸೊಪ್ಪು ಸೋಸುವ ಹಾಗೆ, ಎಂದಳು. ನಾನು ಅವಳ ಕೈ ಹಿಡಿದುಕೊಂಡು ಕೂತೆ.