ಚಿಗವ್ವನ ನಿದ್ದೆ ಅಳೆದದ್ದು

ಮೆದುಳು ನಮ್ಮನ್ನು ಹೇಗೆ ಮಲಗಿಸುತ್ತದೆ, ಹೇಗೆ ಎಬ್ಬಿಸುತ್ತದೆ ಎಂಬುದರ ಮೇಲೆ ಸಂಶೋಧನೆ ಮಾಡುವವನು ನಾನು. ಕುಷ್ಟಗಿಯ ನಮ್ಮ ಮನೆಯಲ್ಲಿ ಇದನ್ನು ಹೇಳಿದರೆ ಎಲ್ಲರೂ ನಗುತ್ತಾರೆ. ಸಾಲೆಯ ಕೊನೆಯ ಬೆಂಚಿನಲ್ಲಿ ಗೊರಕೆ ಹೊಡೆದವನಿಗೆ ಇನ್ಯಾವ ಕೆಲಸ ಸಿಕ್ಕೀತು ಎಂಬುದು ಕಾಕಾನ ವಾದ.

ಒಮ್ಮೆ ರಜೆಗೆ ಹೋದಾಗ ಕಾಕಾನ ಹೆಂಡತಿ, ನಮ್ಮ ಚಿಗವ್ವ, ನನ್ನನ್ನು ಹಿಡಿದು ಕೂರಿಸಿದಳು. ಅವಳು ಖಾನಾವಳಿಗೆ ಜೋಳದ ರೊಟ್ಟಿ ಮಾಡಿಕೊಡುತ್ತಾಳೆ. ಬೆಳಗಿನ ನಾಲ್ಕಕ್ಕೆ ಒಲೆ ಹೊತ್ತಬೇಕು.

"ನನಗ ನಿದ್ದಿನ ಹತ್ತಂಗಿಲ್ಲಪಾ. ನಿಮ್ಮ ಕಾಕಾ ನಂಬಂಗಿಲ್ಲ. ನಿನ್ನ ಮಷಿನ್ ಹಚ್ಚಿ ಒಮ್ಮೆ ತೋರಿಸಿಬಿಡು."

"ಬರೇ ಸುಳ್ಳು. ರಾತ್ರಿ ಪೂರಾ ಗಡದ್ದಾಗಿ ನಿದ್ದಿ ಹೊಡಿತಾಳ," ಎಂದ ಕಾಕಾ. ರಾತ್ರಿ ಪೂರಾ ತಾನೇ ಮಲಗಿದ್ದವನಿಗೆ ಅದು ಹೇಗೆ ಗೊತ್ತಾಯಿತೋ!

ಕೈಯ ಅಲುಗಾಟದಿಂದ ನಿದ್ದೆ ಎಚ್ಚರ ಗುರುತಿಸುವ ಪಟ್ಟಿಯೊಂದನ್ನು ಅವಳ ಕೈಗೆ ಕಟ್ಟಿದೆ. ವಾರವಿಡೀ ಬಿಚ್ಚಬಾರದು, ಸುಮ್ಮನೆ ಎಲ್ಲೋ ಇಟ್ಟರೆ ಎಲ್ಲ ಹಾಳು ಎಂದೆ. ಮೆದುಳಿನ ಬುಡದಲ್ಲಿ ಎಚ್ಚರಿಸುವ ಕೋಶಗಳು, ಮಲಗಿಸುವ ಕೋಶಗಳು ಬೇರೆ ಬೇರೆ ಇವೆ, ಒಂದು ಗುಂಪು ಜೋರಾದರೆ ಇನ್ನೊಂದರ ಬಾಯಿ ಮುಚ್ಚಿಸುತ್ತದೆ ಎಂದೂ ವಿವರಿಸಿದೆ.

"ಅತ್ತಿ ಸೊಸಿ ಇದ್ದಂಗ ಅನ್ನು," ಎಂದಳು. ನಾನು ಎರಡು ವರ್ಷ ಓದಿ ತಿಳಿದದ್ದು ಅಷ್ಟೇ.

ವಾರದ ಮೇಲೆ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆಗೆದೆ. ಫಲಿತಾಂಶಕ್ಕೆಂದು ಚಿಗವ್ವ ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ನೋಡಿದರೆ, ದಿನಾ ನಾಲ್ಕರಿಂದ ಏಳರವರೆಗೆ ಗಾಢ ನಿದ್ದೆ! ನಿದ್ದೆಯಲ್ಲೇ ರೊಟ್ಟಿ ಬಡಿಯುವ ಹೆಂಗಸು! ನಾನೆಂಥ ಮೂರ್ಖನೆಂದರೆ, ವಿದೇಶದಲ್ಲಿ ಭಾಷಣ ಮಾಡಲು ಯಾವ ಕೋಟು ಹಾಕಲಿ ಎಂದು ಯೋಚಿಸತೊಡಗಿದ್ದೆ.

ಕಾಕಾ ತೊಡೆ ತಟ್ಟಿದ. "ನಾ ಹೇಳಿರಲಿಲ್ಲೇನು? ಅದಕ್ಕ ರೊಟ್ಟಿ ಅಂಚು ಹರಿದಿರತಾವ!"

ಚಿಗವ್ವನ ಕಣ್ಣು ತುಂಬಿದವು. "ಹಿಟ್ಟು ಮೆತ್ತತೈತಿ ಅಂತ ಬಿಚ್ಚತಿದ್ದೆ. ಸುಮ್ನ ಇಡಬ್ಯಾಡ ಅಂದಿದ್ದೆಲ್ಲಾ, ರೊಟ್ಟಿ ಮುಗಿಯೋತನಕ ಇವರ ಕೈಗೆ ಕಟ್ಟತಿದ್ದೆ. ಅದು ಇವರ ನಿದ್ದಿ."

ಏಳು ದಿನ ಕಟ್ಟಿ ಬಿಚ್ಚಿದರೂ ಕಾಕಾನಿಗೆ ಗೊತ್ತೇ ಆಗಿರಲಿಲ್ಲ. ಅವನ ಪಾಲು ತೆಗೆದು ನೋಡಿದೆ. ಚಿಗವ್ವನಿಗೆ ಉಳಿದದ್ದು ದಿನಕ್ಕೆ ನಾಲ್ಕು ತಾಸೂ ಇಲ್ಲ, ಅದೂ ತುಂಡು ತುಂಡು. ನನಗೆ ನಾಚಿಕೆಯಾಯಿತು. ಅವಳ ರೊಟ್ಟಿ ತಿಂದು ಬೆಳೆದವನು ಊರವರ ನಿದ್ದೆಯನ್ನೆಲ್ಲ ಅಳೆದಿದ್ದೆ, ಅವಳದನ್ನು ಕೇಳಿರಲಿಲ್ಲ.

ಕಾಕಾ ತನ್ನ ಮಣಿಕಟ್ಟನ್ನು ತಿರುಗಿಸಿ ನೋಡಿಕೊಂಡ. ಆಮೇಲೆ ಮೆಲ್ಲಗೆ, "ನಾಳಿಂದ ನಾನೂ ನಾಲ್ಕಕ್ಕ ಏಳತೀನಿ. ಹಿಟ್ಟು ನಾದಿ ಕೊಡತೀನಿ," ಎಂದ.

ಚಿಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬ್ಯಾಡ್ರಿ. ನಿಮ್ಮನ್ನ ಎಬ್ಬಸಾಕ ನಾ ಮೂರಕ್ಕ ಏಳಬೇಕಾಗತೈತಿ."