ಅಕ್ಕಿಯ ಮೇಲೆ ಬರೆದ ಹೆಸರು

2003ರಲ್ಲಿ ನಾನು ಕಾರವಾರದ ಸಾರ್ವಜನಿಕ ಗ್ರಂಥಾಲಯವೊಂದರಲ್ಲಿ ಸ್ಥಳೀಯ ಇತಿಹಾಸ ವಿಭಾಗದ ಗ್ರಂಥಪಾಲಕನಾಗಿದ್ದೆ. ವಿಭಾಗವೆಂದರೆ ಎರಡು ಕಪಾಟು, ಒಂದು ಮೇಜು. ನೌಕಾನೆಲೆಗಾಗಿ ಮನೆ ಬಿಟ್ಟ ಅರ್ಗಾ ಕಡೆಯವರು, ಬಾಡಿಗೆ ಕೋಣೆಗಳಲ್ಲಿ ಜಾಗ ಸಾಲದೆ ತಂದುಕೊಟ್ಟ ವಂಶಾವಳಿ, ಲಗ್ನಪತ್ರಿಕೆ, ಫೋಟೋಗಳು ಅಲ್ಲಿದ್ದವು. ಹಲವು ಮನೆಗಳವು ಒಂದೇ ಗೋಣಿಯಲ್ಲಿ, ಕೊಟ್ಟವರ ಹೆಸರಿಲ್ಲದೆ ಬಂದಿದ್ದವು. ಪ್ರತಿಯೊಂದಕ್ಕೂ ಕ್ಯಾಟಲಾಗ್ ಕಾರ್ಡ್, ಅಂದರೆ ವಿಷಯ ಮತ್ತು ಇಟ್ಟ ಜಾಗ ತಿಳಿಸುವ ಚೀಟಿ, ಬರೆದವನು ನಾನೇ. ತುಮಕೂರು ಕಡೆಯಿಂದ ಬಂದು ಎರಡೇ ವರ್ಷವಾಗಿದ್ದರೂ ಈ ಕರಾವಳಿಯನ್ನು ಅರೆದು ಕುಡಿದಿದ್ದೇನೆಂಬ ಜಂಬ ನನಗಿತ್ತು.

ಒಂದು ಬುಧವಾರ ಅವರ್ಸಾದಿಂದ ಸುಮಿತ್ರಾ ಎಂಬ ಅರವತ್ತು ದಾಟಿದ ವಿಧವೆ ಬಂದರು. ಅವರ ತವರು ಅರ್ಗಾ. ಅಲ್ಲಿನ ಮನೆ ಹೋಗಿತ್ತು, ಒಬ್ಬನೇ ಅಣ್ಣನೂ ತೀರಿಕೊಂಡಿದ್ದ. ಅವನಿಗೆ ಮಂಜೂರಾಗಿದ್ದ ಪುನರ್ವಸತಿ ನಿವೇಶನಕ್ಕೆ ಉಳಿದ ವಾರಸುದಾರರು ಇವರೊಬ್ಬರೇ. ಆದರೆ ಅರ್ಗಾದ ಶಾಲಾ ದಾಖಲೆಯಲ್ಲಿ ಅವನ ತಂಗಿಯ ಹೆಸರು ಗಂಗಾ. ಇವರ ರೇಷನ್ ಕಾರ್ಡಿನಲ್ಲಿ ಸುಮಿತ್ರಾ. ಇಬ್ಬರೂ ಒಬ್ಬರೇ ಎನ್ನಲು ಪುನರ್ವಸತಿ ಕಚೇರಿಯ ಶುಕ್ರವಾರದ ವಿಚಾರಣೆಗೆ ಆಧಾರ ಬೇಕಿತ್ತು.

“ಲಗ್ನದಲ್ಲಿ ಗಂಡನ ಮನೆಯವ್ರು ಹೆಸ್ರು ಬದಲ್ಸೂದು ನಮ್ಮಲ್ಲಿ ಪದ್ಧತಿ ಅಲ್ರಾ, ಸಾಹೇಬ್ರೆ. ಅದಕ್ಕೆಲ್ಲ ಯಾರು ಕಾಗ್ದ ಮಾಡ್ಸೂಕೆ ಹೋಗ್ತಾರೆ? ಫೋಟೋ ಒಂದು ತೆಗ್ದಿದ್ರು. ಅಣ್ಣ ಎಲ್ಲಾ ಇಲ್ಲೇ ಕೊಟ್ಟಿದ್ದ” ಎಂದರು.

‘ಮದುವೆ’ ಎಂಬ ವಿಷಯದಡಿ ಇದ್ದ ಕಾರ್ಡುಗಳನ್ನೆಲ್ಲ ಜಾಲಾಡಿದೆ. ಸಿಗಲಿಲ್ಲ. ಗುರುವಾರ ಮೊದಲ ಬಸ್ಸಿಗೇ ಬಂದು ಅವರು ಮತ್ತೆ ಬೆಂಚಿನ ಮೇಲೆ ಕುಳಿತಾಗ ಮುಖವೆತ್ತಿ ನೋಡಲು ನನಗೆ ಸಂಕೋಚವಾಯಿತು. ಮಧ್ಯಾಹ್ನದ ಹೊತ್ತಿಗೆ, ಮೊದಲೇ ಕೇಳಬೇಕಿದ್ದ ಪ್ರಶ್ನೆ ಕೇಳಿದೆ.

“ಫೋಟೋದಲ್ಲಿ ಏನಿತ್ತಮ್ಮಾ?”

“ತಾಟಲ್ಲಿ ಅಕ್ಕಿ ಹರಡಿದ್ರು. ನಮ್ಮನೆಯವ್ರು ಉಂಗುರದಲ್ಲಿ ಅದ್ರ ಮೇಲೆ ನನ್ನ ಹೊಸ ಹೆಸ್ರು ಬರೀತಾ ಇದ್ರು.”

ನನ್ನ ಕಿವಿ ಬಿಸಿಯಾಯಿತು. ನೇರ ‘ಆಹಾರ ಪದ್ಧತಿ’ ಕಡತಕ್ಕೆ ಹೋದೆ. ಅಲ್ಲಿತ್ತು, ನನ್ನದೇ ಕೈಬರಹದ ಕಾರ್ಡ್ ಸಮೇತ: ‘ಮದುವೆ ಮನೆಯಲ್ಲಿ ಅಕ್ಕಿ ಆರಿಸುತ್ತಿರುವುದು.’ ಬಾಸಿಂಗ ಕಟ್ಟಿಕೊಂಡ ಮದುಮಗ ಕೂತು ಅಕ್ಕಿಯ ಕಲ್ಲು ಆರಿಸುತ್ತಾನೆಯೇ ಎಂದು ಈ ಪಂಡಿತನಿಗೆ ಹೊಳೆದಿರಲಿಲ್ಲ. ಭೂತಗನ್ನಡಿ ಹಿಡಿದರೆ ಅಕ್ಕಿಯ ಮೇಲೆ, ಆಗ ಇಲ್ಲಿ ಬಳಕೆಯಲ್ಲಿದ್ದ ದೇವನಾಗರಿಯಲ್ಲಿ, ‘ಸುಮಿತ್ರಾ’ ಎಂದು ಸ್ಪಷ್ಟವಾಗಿತ್ತು. ಮದುಮಗಳ ಪಕ್ಕದಲ್ಲಿ ಅಣ್ಣ, ಹಿಂದೆ ಅರ್ಗಾದ ನೆರೆಮನೆಯ ಇಬ್ಬರು. ಒಬ್ಬೊಬ್ಬರನ್ನೇ ಬೆರಳಿಟ್ಟು ತೋರಿಸಿದ ಸುಮಿತ್ರಾ, ಆ ಇಬ್ಬರೂ ಇನ್ನೂ ಬದುಕಿದ್ದಾರೆ ಎಂದರು.

ಶುಕ್ರವಾರ ಫೋಟೋ ಹಿಡಿದು ನಾನೂ ಕಚೇರಿಗೆ ಹೋದೆ. ನೆರೆಯವರು ಬಂದು ಚಿತ್ರದಲ್ಲಿ ತಮ್ಮನ್ನು, ಗಂಗಾಳನ್ನು ಗುರುತಿಸಿ ಹೇಳಿಕೆ ಕೊಟ್ಟರು. ಅಧಿಕಾರಿ ಚಿತ್ರದಲ್ಲಿದ್ದ ಅಕ್ಕಿಯ ತಟ್ಟೆಯನ್ನೇ ಬಹಳ ಹೊತ್ತು ನೋಡಿ, ವಾರಸುದಾರರ ಕಾಲಂ ತುಂಬಿದರು. ಹೊರಬಂದು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಅಷ್ಟು ನಿರಾಳ ನನಗೆ ನನ್ನ ನೇಮಕಾತಿ ಆದೇಶ ಬಂದ ದಿನವೂ ಆಗಿರಲಿಲ್ಲ.

ಕಪಾಟಿನಲ್ಲಿ ಇದ್ದೂ ಸಿಗದ ವಸ್ತು ಕಳೆದುಹೋದಂತೆಯೇ ಎಂದು ಆ ಮೂರು ದಿನ ನನಗೆ ಕಲಿಸಿದವು. ಆಮೇಲೆ ನಿವೃತ್ತಿಯವರೆಗೂ ಗೊತ್ತಿದ್ದವರನ್ನು ಕೂರಿಸಿ ಕೇಳದೆ ಒಂದು ಕಾರ್ಡನ್ನೂ ಬರೆಯಲಿಲ್ಲ. ಆ ಫೋಟೋದ ಹಳೆಯ ಕಾರ್ಡ್ ಹರಿದು, ಹೊಸದಕ್ಕೆ ಆಕೆಯನ್ನೇ ಕೇಳಿದೆ, ಎರಡರಲ್ಲಿ ಯಾವ ಹೆಸರು ಮೊದಲು ಬರೆಯಲಿ ಎಂದು.

“ಗಂಗಾ ಬರೀರಿ” ಎಂದರು. “ಅಣ್ಣ ಹೋದ್ಮೇಲೆ ಹಂಗೆ ಕರೆಯೂಕೆ ಯಾರೂ ಇಲ್ಲ.”